ಮುಳುಗುವವನ ಮಣಿಕಟ್ಟಿನ ಯಂತ್ರ

ನನ್ನ ಅಕ್ಕನ ಮಗನು ಹೋದ ಚಳಿಗಾಲದಲ್ಲಿ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪವನ್ನು ಸೇರಿ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಸಮುದ್ರದಲ್ಲಿ ಮುಳುಗಿ ಬಂದನು. ಅಂದಿನಿಂದ ಅವನಿಗೆ ಅದೇ ಧ್ಯಾನ. ಆ ವಿದ್ಯೆಯನ್ನು ಕ್ರಮವಾಗಿ ಕಲಿತು ಪ್ರಮಾಣಪತ್ರವನ್ನೂ ಪಡೆದನು. ಈಗ ಅವನಿಗೆ ಡೈವ್ ಕಂಪ್ಯೂಟರೆಂಬ ಯಂತ್ರವೊಂದು ಬೇಕಾಗಿದೆ. “ಗಡಿಯಾರದಂತಿರುವ ಈ ವಸ್ತುವಿಗೆ ಹತ್ತಾರು ಸಾವಿರ ರೂಪಾಯಿಯೇ? ಇದು ಅವಶ್ಯವೋ, ಬರಿಯ ಷೋಕಿಯೋ? ನೀನೂ ಮುಳುಗಿದವನಲ್ಲವೇ, ಹೇಳಪ್ಪ” ಎಂದು ಅಕ್ಕ ನನ್ನನ್ನು ಕೇಳಿದಳು. ಇದೇ ಪ್ರಶ್ನೆ ಬೇರೆ ಮನೆಗಳಲ್ಲಿಯೂ ಏಳುತ್ತಿರಬಹುದಾದುದರಿಂದ, ಅವಳಿಗೆ ಕೊಟ್ಟ ಉತ್ತರವನ್ನೇ ವಾಚಕರ ಮುಂದಿಡುತ್ತೇನೆ.

ಸಮುದ್ರದಲ್ಲಿ ೧೦ ಮೀಟರು ಇಳಿದಂತೆಲ್ಲ ಮೈಮೇಲಿನ ಒತ್ತಡವು ಒಂದೊಂದು ವಾಯುಭಾರದಷ್ಟು ಹೆಚ್ಚುತ್ತದೆ. ೩೦ ಮೀಟರಿನ ಆಳದಲ್ಲಿ ಅದು ದಡದಲ್ಲಿರುವುದರ ನಾಲ್ಕರಷ್ಟಾಗುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಹೆಚ್ಚುಕಡಮೆ ಐದರಲ್ಲಿ ನಾಲ್ಕು ಪಾಲು ಸಾರಜನಕ. ದಡದಲ್ಲಿ ಯಾವ ಉಪದ್ರವವನ್ನೂ ಮಾಡದ ಈ ಅನಿಲವು ಆಳದಲ್ಲಿ ಒತ್ತಡದ ಬಲದಿಂದ ರಕ್ತದಲ್ಲಿಯೂ ಮಾಂಸದಲ್ಲಿಯೂ ಕರಗಿ ಸೇರುತ್ತದೆ. ಮೆಲ್ಲಮೆಲ್ಲನೆ ಮೇಲೇರಿದರೆ ಅದು ಉಸಿರಿನೊಡನೆ ಹೊರಬೀಳುವುದು. ಅವಸರದಿಂದ ಏರಿದರೆ, ಸೋಡಾ ಸೀಸೆಯ ಗೋಲಿಯನ್ನು ಒತ್ತಿದೊಡನೆ ನೀರಿನಲ್ಲಿ ಗುಳ್ಳೆಗಳೇಳುವಂತೆ, ಮೈಯೊಳಗೇ ಗುಳ್ಳೆಗಟ್ಟುವುದು. ಕೀಲುನೋವಿನಿಂದ ಹಿಡಿದು ಕೈಕಾಲು ಸ್ವಾಧೀನ ತಪ್ಪುವವರೆಗೆ, ಒಮ್ಮೊಮ್ಮೆ ಪ್ರಾಣಹಾನಿಯವರೆಗೂ ಇದರ ಫಲವುಂಟು. ಸಾರಜನಕದ ಗುಳ್ಳೆಗಳೇ ಈ ವ್ಯಾಧಿಗೆ ಕಾರಣವೆಂದು ಫ್ರಾನ್ಸಿನ ಪಾಲ್ ಬೇರ್ ಎಂಬ ಪಂಡಿತರು ೧೮೭೮ರಲ್ಲಿ ಪ್ರಕಟಿಸಿದರು.

ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು, ಹೇಗೆ ಮೇಲೇರಬೇಕು ಎಂಬ ಲೆಕ್ಕವನ್ನು ಆಡುಗಳ ಮೇಲೆ ಪರೀಕ್ಷೆ ನಡೆಸಿ ಪಟ್ಟಿಯಾಗಿ ೧೯೦೮ರಲ್ಲಿ ಕೊಟ್ಟವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನರೂ ಅವರ ಸಂಗಡಿಗರೂ. ೧೯೫೭ರಲ್ಲಿ ಭಾರತಕ್ಕೆ ಬಂದು ನೆಲಸಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ಕಾಲವಾದ ಜೆ. ಬಿ. ಎಸ್. ಹಾಲ್ಡೇನರು ಇವರ ಮಗ. ಇಂದಿನ ಹವ್ಯಾಸಿಗಳು ಕಲಿಯುವ ಪಟ್ಟಿಗಳೂ ಇದೇ ವಂಶದವು. ಪ್ಯಾಡಿ ಸಂಸ್ಥೆಯ ಪಟ್ಟಿಯಂತೆ ಮೊದಲ ಮುಳುಗಿನಲ್ಲಿ ೧೮ ಮೀಟರಿನಲ್ಲಿ ೫೬ ನಿಮಿಷ, ೩೦ ಮೀಟರಿನಲ್ಲಿ ೨೦ ನಿಮಿಷ ಇರಬಹುದು. ಆದರೆ ಮುಳುಗಿದವನು ಒಂದೇ ಆಳದಲ್ಲಿ ನಿಲ್ಲುವನೇ? ಮೀನನ್ನು ಕಂಡು ಇಳಿಯುತ್ತಾನೆ, ಬಂಡೆಯನ್ನು ಬಳಸಿ ಏರುತ್ತಾನೆ. ೧೯೮೩ರ ಸುಮಾರಿಗೆ ಅಂಗಡಿಗೆ ಬಂದ ಡೈವ್ ಕಂಪ್ಯೂಟರು ಈ ಏರಿಳಿತವನ್ನು ಕ್ಷಣಕ್ಷಣಕ್ಕೂ ಅಳೆದು, ಮೈಗೆ ಸೇರಿರಬಹುದಾದ ಸಾರಜನಕವನ್ನು ಎಣಿಸಿ, ಇನ್ನೆಷ್ಟು ನಿಮಿಷ ಉಳಿದಿದೆಯೆಂದು ಹೇಳುತ್ತದೆ. ಆದುದರಿಂದ ಇದು ಷೋಕಿಯಲ್ಲ. ವರ್ಷಕ್ಕೊಮ್ಮೆ ಶಿಕ್ಷಕನ ಕೈಹಿಡಿದು ಮುಳುಗುವವನಿಗೆ ಇದು ಬೇಡ. ಮೇಲಿಂದ ಮೇಲೆ ಮುಳುಗುವವನಿಗೆ ಬೇಕೇಬೇಕು.

ಇನ್ನು ಆಯ್ಕೆಯ ವಿಚಾರ. ನಾನು ಮೊದಲು ಕೊಂಡ ಯಂತ್ರದಲ್ಲಿ ದಿಕ್ಸೂಚಿ, ಉಷ್ಣಮಾಪಕ ಮೊದಲಾದ ಸಕಲ ವೈಭವಗಳೂ ಇದ್ದುವು. ಒಮ್ಮೆ ಕಲಕಿದ ನೀರಿನಲ್ಲಿ ಉಳಿದ ನಿಮಿಷಗಳನ್ನು ನೋಡಬೇಕೆಂದು ಗುಂಡಿಯೊತ್ತಿದರೆ ನೀರಿನ ಉಷ್ಣತೆ ಕಾಣಿಸಿತು; ಮತ್ತೊಂದನ್ನು ಒತ್ತಿದರೆ ದಿಕ್ಸೂಚಿ. ಬೇಕಾದ ಅಂಕಿ ಸಿಕ್ಕುವ ವೇಳೆಗೆ ನಿಮಿಷಗಳೇ ಕಳೆದಿದ್ದುವು. ಅಪಾಯವಾಗಲಿಲ್ಲ, ಬುದ್ಧಿ ಬಂದಿತು. ಆಳ, ಕಳೆದ ಕಾಲ, ಉಳಿದ ಕಾಲ, ಏರುವ ವೇಗ, ಈ ನಾಲ್ಕು ಸಂಗತಿಗಳು ಗುಂಡಿಯೊತ್ತದೆಯೇ ದಪ್ಪ ಅಂಕಿಗಳಲ್ಲಿ ಕಾಣುವಂತಿರುವುದೇ ಮೊದಲ ಯಂತ್ರದ ಮುಖ್ಯ ಗುಣ. ಕನ್ನಡಕ ಹಾಕುವವರು ಅದನ್ನು ತೆಗೆದು ಓದಿ ನೋಡತಕ್ಕದ್ದು.

ಎರಡನೆಯದಾಗಿ, ಒಂದೇ ಮುಳುಗಿಗೆ ಎರಡು ಯಂತ್ರಗಳು ಎರಡು ಬಗೆಯ ಕಾಲವನ್ನು ಹೇಳುವುದುಂಟು. ಅವುಗಳ ಲೆಕ್ಕದ ಕ್ರಮ ಬೇರೆ. ಹೊಸಬನಿಗೆ ಬಿಗಿಯಾದ ಲೆಕ್ಕವೇ ಹಿತ. ಮೂರನೆಯದಾಗಿ, ಆಮ್ಲಜನಕ ಹೆಚ್ಚಿಸಿದ ನೈಟ್ರಾಕ್ಸ್ ಗಾಳಿಗೂ ಯಂತ್ರವನ್ನು ಹೊಂದಿಸುವಂತಿದ್ದರೆ ಮುಂದೆ ಅದನ್ನು ಕಲಿತಾಗ ಹೊಸದನ್ನು ಕೊಳ್ಳಬೇಕಾಗದು. ಬ್ಯಾಟರಿಯನ್ನು ಮನೆಯಲ್ಲಿಯೇ ಬದಲಿಸಬಹುದೇ, ಕೆಟ್ಟರೆ ರಿಪೇರಿ ಎಲ್ಲಿ ಎಂದು ಮೊದಲೇ ವಿಚಾರಿಸಬೇಕು. ಸಿಲಿಂಡರಿನ ಗಾಳಿಯನ್ನೂ ತೋರಿಸುವ ಯಂತ್ರಗಳು ದುಬಾರಿ. ಅದಕ್ಕೆ ಪ್ರತ್ಯೇಕ ಮಾಪಕವಿರುವುದರಿಂದ ಆ ಅನುಕೂಲ ಆಮೇಲೆ ಬರಬಹುದು.

“ಮಾವ, ಸ್ನೇಹಿತನೂ ನಾನೂ ಸೇರಿ ಒಂದನ್ನೇ ಕೊಂಡರೆ ಆಗದೇ?” ಎಂದು ಹುಡುಗನು ಕೇಳಿದನು. ಕೂಡದು. ಯಂತ್ರವು ಎಣಿಸುವುದು ತಾನು ಹೋದ ಆಳವನ್ನು ಮಾತ್ರ. ಬೆಳಗ್ಗೆ ಒಬ್ಬನ ಕೈಯಲ್ಲಿ ಮುಳುಗಿ ಸಂಜೆ ಇನ್ನೊಬ್ಬನ ಕೈಗೆ ಹೋದ ಯಂತ್ರವು ಒಬ್ಬನ ಸಾಲವನ್ನು ಮತ್ತೊಬ್ಬನ ಖಾತೆಗೆ ಬರೆಯುತ್ತದೆ. ಬಾಡಿಗೆಗೆ ತಂದರೂ ಆ ಪ್ರವಾಸ ಮುಗಿಯುವವರೆಗೆ ಒಂದನ್ನೇ ಇಟ್ಟುಕೊಳ್ಳತಕ್ಕದ್ದು.

ಎಂಥ ಯಂತ್ರಕ್ಕೂ ನಮ್ಮ ಮೈಯ ಸಮಾಚಾರ ತಿಳಿಯದು. ನಿದ್ದೆಗೆಟ್ಟವನು, ಸಾಕಷ್ಟು ನೀರು ಕುಡಿಯದವನು, ದಣಿದವನು, ವಯಸ್ಸಾದವನು, ಎಲ್ಲರಿಗೂ ಅದು ಒಂದೇ ಲೆಕ್ಕ ಹಾಕುತ್ತದೆ. ಆದುದರಿಂದ ಅದು ತೋರಿಸಿದ ಕೊನೆಯ ನಿಮಿಷದವರೆಗೆ ಕಾಯದೆ ಮೊದಲೇ ಹೊರಟು, ನಿಮಿಷಕ್ಕೆ ೯ ಮೀಟರಿಗಿಂತ ವೇಗವಾಗಿ ಏರದೆ, ೫ ಮೀಟರಿನಲ್ಲಿ ಮೂರು ನಿಮಿಷ ನಿಂತು ಬರುವುದು ಯುಕ್ತ. ದಡ ಸೇರಿದ ಮೇಲೂ ಸಾರಜನಕದ ಸಾಲ ಪೂರ್ತಿ ತೀರಿರುವುದಿಲ್ಲ. ಒಮ್ಮೆ ಮುಳುಗಿದವರು ೧೨ ಗಂಟೆ, ಹಲವು ಬಾರಿ ಮುಳುಗಿದವರು ೧೮ ಗಂಟೆ ಕಾಲವಾದರೂ ವಿಮಾನವನ್ನು ಹತ್ತಬಾರದೆಂದು ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸೂಚನೆ. ಇದು ಅನ್ವಯಿಸುವ ಎತ್ತರ ೨,೦೦೦ ಅಡಿಯಿಂದಲೇ ಆರಂಭ. ಬೆಂಗಳೂರೋ ಸುಮಾರು ೩,೦೦೦ ಅಡಿಯ ಮೇಲಿದೆ. ಮಧ್ಯಾಹ್ನ ನೇತ್ರಾಣಿಯಲ್ಲಿ ಮುಳುಗಿ, ಅದೇ ರಾತ್ರಿ ಬಸ್ಸಿನಲ್ಲಿ ಘಟ್ಟ ಹತ್ತುವ ನಮ್ಮ ಹುಡುಗರು ಇದನ್ನು ಮನಸ್ಸಿನಲ್ಲಿಡಬೇಕು.

ಹುಡುಗನು ಮೆಚ್ಚಿಕೊಂಡಿದ್ದುದು ಅಂಗಡಿಯಲ್ಲಿದ್ದವುಗಳಲ್ಲೆಲ್ಲ ದುಬಾರಿಯಾದುದು. ಅದನ್ನೂ ಸಾದಾ ಯಂತ್ರವೊಂದನ್ನೂ ಅವನ ಮುಂದಿಟ್ಟು, “ಉಳಿದ ಕಾಲವೆಲ್ಲಿದೆ, ತೋರಿಸು” ಎಂದೆನು. ಸಾದಾ ಯಂತ್ರದಲ್ಲಿ ಅವನ ಬೆರಳು ನೆಟ್ಟಗೆ ಅಂಕಿಯ ಮೇಲೆ ಹೋಯಿತು, ಇನ್ನೊಂದರಲ್ಲಿ ತಡಕಾಡಿತು. ಅವನೇ ನಕ್ಕು ಸಾದಾ ಯಂತ್ರವನ್ನು ಕೈಗೆ ಕಟ್ಟಿಕೊಂಡನು. ಉಳಿದ ಹಣವನ್ನೇನು ಮಾಡಬೇಕೆಂದು ಅಕ್ಕ ಕೇಳಿದಳು. ಮುರುಡೇಶ್ವರದಲ್ಲಿ ಇನ್ನೊಂದು ರಾತ್ರಿ ತಂಗಿ, ಮರುದಿನ ನಿಧಾನವಾಗಿ ಘಟ್ಟ ಹತ್ತಲಿ ಎಂದೆನು.