ಬೈಸಿಕಲ್ಲಿಗೆ ವಿದ್ಯುತ್ ಮೋಟಾರು ಜೋಡಿಸುವ ಕ್ರಮವೂ ದೋಷಗಳ ಪರಿಹಾರವೂ

ಕರಾವಳಿಯ ಭಟಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಮಲ್ಲಿಗೆ, ವೀಳ್ಯದೆಲೆ, ಈರುಳ್ಳಿ, ಹಾಲು ಮುಂತಾದುವನ್ನು ಮನೆಯಿಂದ ಹೆದ್ದಾರಿಯವರೆಗೆ ಸಾಗಿಸುವುದಕ್ಕೆ ಬೈಸಿಕಲ್ಲು ಇಂದಿಗೂ ಒದಗಿಬರುವುದು. ಏರುದಾರಿಯಲ್ಲಿ ಮಾತ್ರ ಅದು ತುಳಿಯುವವನನ್ನು ದಣಿಸುವುದು. ಆದುದರಿಂದ ಮನೆಯ ಸೈಕಲ್ಲಿಗೇ ಮೋಟಾರಿನ ಸಾಮಗ್ರಿಯನ್ನು ತರಿಸಿ ತಾವೇ ಜೋಡಿಸಬಯಸುವವರುಂಟು. ಕೆಲಸವು ಅಸಾಧ್ಯವಾದುದಲ್ಲ. ಆದರೆ ಚಕ್ರ ತಿರುಗಿದೊಡನೆ ಜೋಡಣೆ ಮುಗಿಯಿತೆಂದು ಭಾವಿಸತಕ್ಕದ್ದಲ್ಲ. ಅಚ್ಚು ಸಡಿಲಿದರೆ ಸವಾರನು ಬೀಳುವನು. ಬ್ಯಾಟರಿ ಕೆಟ್ಟರೆ ಮನೆಯೇ ಹೊತ್ತಿಕೊಳ್ಳಬಹುದು. ಗ್ರಾಮದ ಹಿರಿಯರು ಇದನ್ನು ಮನಗಂಡು ಊರಿನ ತರುಣರಿಗೆ ತಿಳಿಯಹೇಳುವುದು ಲೇಸು.

ಕೊಳ್ಳುವ ಮುನ್ನ ಕಾಯಿದೆಯನ್ನು ಅರಿಯಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ 250 ವ್ಯಾಟಿಗಿಂತ ಕಡಿಮೆ ಶಕ್ತಿಯೂ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ವೇಗವೂ ಉಳ್ಳ ಬ್ಯಾಟರಿ ವಾಹನವನ್ನು, ಗೊತ್ತಾದ ಪರೀಕ್ಷಾ ಸಂಸ್ಥೆಯು ಪರಿಶೀಲಿಸಿ ಒಪ್ಪಿದ್ದರೆ, ಮೋಟಾರು ವಾಹನವೆಂದು ಎಣಿಸುವುದಿಲ್ಲ. ಮನೆಯಲ್ಲಿ ಜೋಡಿಸಿದುದಕ್ಕೆ ಈ ಒಪ್ಪಿಗೆ ತಾನಾಗಿ ದೊರೆಯುವುದಿಲ್ಲವಾದ್ದರಿಂದ ಹೊನ್ನಾವರದ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಂಡೇ ರಸ್ತೆಗಿಳಿಸುವುದು ಕ್ಷೇಮ. ಹೆಚ್ಚು ಶಕ್ತಿಯ ಮೋಟಾರಿಗೆ ಆಸೆಪಡಲಾಗದು. ಸಾಮಾನ್ಯ ಸೈಕಲ್ಲಿನ ಬ್ರೇಕು ಅದನ್ನು ತಡೆಯಲಾರದು. ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದಾಗ ಬ್ರೇಕಿನ ಹಿಡಿತವು ಮೊದಲೇ ಬಹಳ ಕುಗ್ಗಿರುವುದು.

ಮೋಟಾರನ್ನು ಹಿಂದಿನ ಚಕ್ರದಲ್ಲಿಡುವುದು ಮೇಲು. ಮುಂದಿನ ಫೋರ್ಕು, ಅದರಲ್ಲಿಯೂ ಅಲ್ಯುಮಿನಿಯಮ್ಮಿನದು, ಈ ಎಳೆತಕ್ಕಾಗಿ ಮಾಡಿದುದಲ್ಲ. ಅದು ಮುರಿದರೆ ಸವಾರನು ತಲೆಕೆಳಗಾಗಿ ಬೀಳುವನು. ಹಿಂಬದಿಯ ಮೋಟಾರುಗಳ ಅಗಲವು ಸಾಮಾನ್ಯವಾಗಿ 135 ಮಿ.ಮೀ.; ಹಳೆಯ ಕಪ್ಪು ಸೈಕಲ್ಲಿನಲ್ಲಿ ಸ್ಥಳವು ಅದಕ್ಕಿಂತ ಕಿರಿದಾಗಿರುವುದರಿಂದ ಅಳತೆ ತೆಗೆದ ಮೇಲೆಯೇ ಹಣ ಕೊಡಬೇಕು. ಚಕ್ರವು ಮುಂದಕ್ಕೆ ತಿರುಗುವಾಗ ಅಚ್ಚು ಹಿಂದಕ್ಕೆ ತಿರುಗಲು ಹೆಣಗುವುದು. ಬರಿಯ ನಟ್ಟು ಅದನ್ನು ಬಹುಕಾಲ ತಡೆಯದು. ಅಚ್ಚಿನ ಚಪ್ಪಟೆ ಮೈಯನ್ನು ಅಪ್ಪಿಹಿಡಿದು ಚೌಕಟ್ಟಿಗೆ ಬಿಗಿಯುವ ಉಕ್ಕಿನ ಪಟ್ಟಿಯನ್ನು, ಎಂದರೆ ಟಾರ್ಕ್ ಆರ್ಮನ್ನು, ತಪ್ಪದೆ ಹಾಕಬೇಕು. ಮೊದಲ ದಿನದ ಸವಾರಿಯಾದ ಮೇಲೆಯೂ ಅನಂತರ ತಿಂಗಳಿಗೊಮ್ಮೆಯೂ ನಟ್ಟುಗಳನ್ನು ಪರೀಕ್ಷಿಸತಕ್ಕದ್ದು.

ಹಣವನ್ನು ಎಲ್ಲಿಯಾದರೂ ಉಳಿಸಲಿ, ಬ್ಯಾಟರಿಯಲ್ಲಿ ಮಾತ್ರ ಕೂಡದು. ಬಿಡಿ ಸೆಲ್ಲುಗಳನ್ನು ತಾವೇ ಬೆಸೆದು ಕಟ್ಟುವುದು ಅಪಾಯಕರ. ಸೆಲ್ಲುಗಳನ್ನು ಕಾಯುವ ಬಿ.ಎಂ.ಎಸ್. ಫಲಕವಿರುವ ಸಿದ್ಧ ಬ್ಯಾಟರಿಯನ್ನೇ ಕೊಂಡು, ಅದರ ಬಾಯಿಯ ಹತ್ತಿರವೇ 20 ಆಂಪಿಯರಿನ ಫ್ಯೂಜು ಹಾಕಬೇಕು. ಲಿಥಿಯಂ ಐರನ್ ಫಾಸ್ಫೇಟಿನ ಬ್ಯಾಟರಿಯು ತೂಕದಲ್ಲಿ ಹೆಚ್ಚಾದರೂ ಬೇಗ ಬೆಂಕಿಗೆ ತುತ್ತಾಗದು. 36 ವೋಲ್ಟು, 10 ಆಂಪಿಯರ್-ಗಂಟೆಯ ಬ್ಯಾಟರಿಯು ಪೆಡಲು ತುಳಿಯುತ್ತ ಸಾಗಿದರೆ ಸುಮಾರು 25 ಕಿ.ಮೀ. ಒಯ್ಯುವುದು, ಹೊನ್ನಾವರದಿಂದ ಕುಮಟೆಗೆ ಮುಟ್ಟಿಸೀತು, ಹಿಂದಕ್ಕೆ ತಾರದು. ಚಾರ್ಜು ಮಾಡುವುದು ಅದರದೇ ಚಾರ್ಜರಿನಿಂದ, ಎಚ್ಚರವಿದ್ದಾಗ, ಕಲ್ಲು ನೆಲದ ಮೇಲೆ. ಹುಲ್ಲು ತುಂಬಿದ ಅಟ್ಟದ ಕೆಳಗೂ, ಮಲಗುವ ಕೋಣೆಯ ಬಾಗಿಲಲ್ಲಿಯೂ ಎಂದಿಗೂ ಸಲ್ಲದು. ಉಬ್ಬಿದ, ಬಿದ್ದು ಜಜ್ಜಿದ, ಹೊಳೆಯ ಅಥವಾ ಉಪ್ಪು ನೀರಿನಲ್ಲಿ ಮುಳುಗಿದ ಬ್ಯಾಟರಿಯನ್ನು ಮತ್ತೆ ಚಾರ್ಜು ಮಾಡದೆ ಮನೆಯಿಂದ ದೂರ ಬಯಲಿನಲ್ಲಿರಿಸಬೇಕು.

ಈ ತೀರದ ಮಳೆಯೂ ಉಪ್ಪುಗಾಳಿಯೂ ಜೋಡಣೆಯ ವೈರಿಗಳು. ಕಂಟ್ರೋಲರಿನ ತಂತಿಗಳು ಕೆಳಮುಖವಾಗಿ ಹೊರಡಬೇಕು. ಪ್ರತಿ ತಂತಿಯೂ ಸಂದಿಯನ್ನು ಸೇರುವ ಮುನ್ನ ಒಮ್ಮೆ ಕೆಳಗೆ ಜೋಲಿದ್ದರೆ ಹನಿಯು ಅಲ್ಲಿಂದಲೇ ಉದುರುವುದು. ಸಂದಿಗಳಿಗೆ ಸಿಲಿಕೋನ್ ಗ್ರೀಸು ಹಚ್ಚಬೇಕು. ಸೈಕಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ರಭಸದ ನೀರು ಹಾಯಿಸಬಾರದು.

ದೋಷವನ್ನು ಹುಡುಕುವಾಗ ಉಂಗುರ, ಕಡಗಗಳನ್ನು ತೆಗೆದಿಡಬೇಕು. ಮೋಟಾರಿನ ಚಕ್ರವು ನೆಲದಿಂದ ಮೇಲಿರಬೇಕು. ಯಾವ ಸಂದಿಯನ್ನು ಬಿಚ್ಚುವ ಮುನ್ನವೂ ಬ್ಯಾಟರಿಯನ್ನು ಕಳಚಬೇಕು. ಏನೂ ನಡೆಯದಿದ್ದರೆ ಮೊದಲು ಬ್ಯಾಟರಿಯನ್ನು ಅಳೆಯುವುದು. ಹತ್ತು ಸೆಲ್ಲಿನ ಸಾಮಾನ್ಯ ಲಿಥಿಯಂ ಬ್ಯಾಟರಿಯು ತುಂಬಿದಾಗ 42 ವೋಲ್ಟು, ಬರಿದಾದಾಗ ಸುಮಾರು 30 ತೋರಿಸುವುದು. ವೋಲ್ಟು ಸರಿಯಿದ್ದರೆ ಫ್ಯೂಜನ್ನೂ ಬ್ರೇಕಿನ ಹಿಡಿಯನ್ನೂ ನೋಡಬೇಕು. ಹಿಡಿಯ ಸ್ವಿಚ್ಚು ತುಕ್ಕಿನಿಂದ ಅಂಟಿಕೊಂಡರೆ ಬ್ರೇಕು ಹಿಡಿದಂತೆಯೇ ಆಗಿ ಮೋಟಾರು ನಿಂತುಬಿಡುವುದು. ಮಳೆಗಾಲದಲ್ಲಿ ಇದನ್ನು ಮರೆಯಲಾಗದು. ಆ ಪ್ಲಗ್ಗನ್ನು ಕಳಚಿದಾಗ ಚಕ್ರ ತಿರುಗಿದರೆ ದೋಷವು ಅಲ್ಲಿಯೇ. ಹಾಗೆಂದು ಕಳಚಿದ ಸ್ಥಿತಿಯಲ್ಲಿಯೇ ಸವಾರಿ ಮಾಡತಕ್ಕದ್ದಲ್ಲ. ಮೋಟಾರು ನಡುಗುತ್ತ ಮುಗ್ಗರಿಸಿದರೆ ಮೂರು ದಪ್ಪ ತಂತಿಗಳ ಅಥವಾ ಐದು ತೆಳು ತಂತಿಗಳ ಸಂದಿ ಸಡಿಲಿರಬಹುದು. ಬ್ಯಾಟರಿ ಕಳಚಿದ ಮೇಲೆಯೂ ಚಕ್ರವು ಕೈಗೆ ಬಿಗಿಯಾಗಿ ತಡೆಹಿಡಿದಂತಿದ್ದು, ದಪ್ಪ ತಂತಿಗಳನ್ನು ಬಿಡಿಸಿದೊಡನೆ ಹಗುರವಾದರೆ ಬಹುಮಟ್ಟಿಗೆ ಕಂಟ್ರೋಲರು ಸುಟ್ಟಿದೆಯೆಂದು ತಿಳಿಯಬೇಕು. ಅದನ್ನು ಬದಲಾಯಿಸದೆ ಗತಿಯಿಲ್ಲ. ಥ್ರಾಟಲನ್ನು ಬಿಟ್ಟರೂ ಓಟ ನಿಲ್ಲದಿದ್ದರೆ, ಹೊಸದನ್ನು ಹಾಕುವವರೆಗೆ ಸೈಕಲ್ಲನ್ನು ಯಾರ ಕೈಗೂ ಕೊಡಬಾರದು.

ಮಳೆಗಾಲದಲ್ಲಿ ಉಪಯೋಗವಿಲ್ಲದಿದ್ದರೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಕಳಚಿ ಒಣಗಿದ ಸ್ಥಳದಲ್ಲಿರಿಸಿ, ತಿಂಗಳಿಗೊಮ್ಮೆ ಅದರ ವೋಲ್ಟನ್ನು ಅಳೆಯಬೇಕು.