ನಕ್ಷೆಯ ಮೇಲೆ ಮೊದಲು ಏರಬೇಕಾದ ಬೆಟ್ಟ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೂ ವಾರದ ಕೊನೆ ಬಂದಿತೆಂದರೆ ಬೆನ್ನಿಗೆ ಚೀಲವೇರಿಸಿ, ರಾತ್ರಿಯ ಬಸ್ಸು ಹಿಡಿದು, ಸಹ್ಯಾದ್ರಿಯ ಕಡೆಗೆ ಹೊರಡುವ ಯುವಕ ಯುವತಿಯರಿಗೆ ನಮ್ಮ ಪಟ್ಟಣಗಳಲ್ಲಿ ಇಂದು ಕೊರತೆಯಿಲ್ಲ. ಉತ್ಸಾಹ ಅವರದು, ಆತಂಕ ಮನೆಯಲ್ಲಿ ಉಳಿದ ತಾಯಿತಂದೆಗಳದು. ಕತ್ತಲಾಗುವುದರೊಳಗೆ ಮಕ್ಕಳು ಕೆಳಗಿಳಿದಾರೆಯೇ? ಮಂಜು ಕವಿದರೆ ದಾರಿ ಕಂಡೀತೇ? ಇಂಥ ಪ್ರಶ್ನೆಗಳಿಗೆ ಮನೆಯ ಮೇಜಿನ ಮುಂದೆ ಕುಳಿತೇ ಬಹುಮಟ್ಟಿನ ಉತ್ತರ ಪಡೆಯಲು ಸಾಧ್ಯವಾಗಿರುವುದು ನಮ್ಮ ಕಾಲದ ಭಾಗ್ಯ. ಜಿಪಿಎಸ್ ಎಂದು ಎಲ್ಲರ ಬಾಯಲ್ಲೂ ಇರುವ ಉಪಗ್ರಹ ವ್ಯವಸ್ಥೆ, ಅದರೊಡನೆ ಕೆಲಸ ಮಾಡುವ ನಕ್ಷೆಯ ತಂತ್ರಾಂಶ ಇವೆರಡೂ ಕೂಡಿ ಈ ಅನುಕೂಲವನ್ನು ಒದಗಿಸಿವೆ.

ಆಕಾಶದ ಗಡಿಯಾರಗಳು

ಜಿಪಿಎಸ್ಸಿನ ಗುಟ್ಟು ಇರುವುದು ಗಡಿಯಾರದಲ್ಲಿ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಪರಮಾಣು ಗಡಿಯಾರಗಳನ್ನು ಹೊತ್ತು, ವೇಳೆಯನ್ನು ಎಡೆಬಿಡದೆ ಸಾರುತ್ತಿರುತ್ತವೆ. ಆ ಸಂಕೇತ ನಮ್ಮ ಕೈಯ ಫೋನನ್ನು ತಲಪಲು ಹಿಡಿದ ಕಾಲದಿಂದ ಉಪಗ್ರಹದ ದೂರ ತಿಳಿಯುತ್ತದೆ. ನಾಲ್ಕು ಉಪಗ್ರಹಗಳ ದೂರ ಗೊತ್ತಾದರೆ ನಾವು ನಿಂತ ಸ್ಥಳ ಗೊತ್ತಾದಂತೆಯೇ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ಲೆಕ್ಕ 300 ಮೀಟರಿನಷ್ಟು ತಪ್ಪುತ್ತದೆ ಎಂದ ಮೇಲೆ ಆ ಗಡಿಯಾರಗಳ ಕರಾರುವಾಕ್ಕುತನವನ್ನು ಓದುಗರೇ ಊಹಿಸಬಹುದು.

ಅಮೆರಿಕದ ಸೈನ್ಯವು ಈ ಸಾಲಿನ ಮೊದಲ ಉಪಗ್ರಹವನ್ನು ಹಾರಿಸಿದ್ದು 1978ರಲ್ಲಿ. ಜನಸಾಮಾನ್ಯರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಮಸಕು ಮಾಡುವ ಪದ್ಧತಿ 2000ದ ಮೇ ತಿಂಗಳವರೆಗೂ ಇತ್ತು. ಅದು ನಿಂತ ಮೇಲೆಯೇ ಚಾರಣಿಗರಿಗೆ ಇದರಿಂದ ನಿಜವಾದ ಪ್ರಯೋಜನವಾದುದು. ಭಾರತವೂ ಸುಮ್ಮನೆ ಕೂರಲಿಲ್ಲ. 2013ರಿಂದ ಶ್ರೀಹರಿಕೋಟೆಯಿಂದ ತನ್ನದೇ ಉಪಗ್ರಹಗಳನ್ನು ಹಾರಿಸಿ 'ನಾವಿಕ್' ಎಂಬ ವ್ಯವಸ್ಥೆಯನ್ನು ಕಟ್ಟಿತು. ಅದರ ನಿಯಂತ್ರಣ ಕೇಂದ್ರವೊಂದು ನಮ್ಮ ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿದೆ.

ಕುಳಿತಲ್ಲೇ ಏರುವುದು

ಸ್ಥಳ ತಿಳಿದರಷ್ಟೇ ಸಾಲದು. ನೆಲದ ಏರಿಳಿತವೂ ತಿಳಿಯಬೇಕು. 2000ದ ಫೆಬ್ರವರಿಯಲ್ಲಿ 'ಎಂಡೆವರ್' ಗಗನನೌಕೆ 11 ದಿನ ಭೂಮಿಯನ್ನು ಸುತ್ತಿ, ರೇಡಾರಿನ ಸಹಾಯದಿಂದ ಜಗತ್ತಿನ ಬಹುಭಾಗದ ಎತ್ತರಗಳನ್ನು ಅಳೆದು ತಂದಿತು. ತಂತ್ರಾಂಶಗಳು ಇಂಥ ಅಳತೆಗಳಿಂದಲೇ ಸಮೋನ್ನತಿ ರೇಖೆಗಳನ್ನು ಎಳೆಯುತ್ತವೆ. ಒಂದೇ ಎತ್ತರದ ಸ್ಥಳಗಳನ್ನು ಜೋಡಿಸುವ ಈ ರೇಖೆಗಳು ವಿರಳವಾಗಿದ್ದರೆ ಇಳಿಜಾರು ಮೆಲ್ಲನೆಯದು. ಒಂದಕ್ಕೊಂದು ಅಂಟಿಕೊಂಡಂತಿದ್ದರೆ ಕಡಿದಾದ ಪ್ರಪಾತ. ಈ ಒಂದು ಪಾಠ ತಿಳಿದವನಿಗೆ ನಕ್ಷೆಯೇ ಬೆಟ್ಟವಾಗಿ ಎದ್ದುನಿಲ್ಲುತ್ತದೆ.

ಉದಾಹರಣೆಗೆ ಕುಮಾರ ಪರ್ವತವನ್ನೇ ತೆಗೆದುಕೊಳ್ಳೋಣ. ಕೊಡಗು ಮತ್ತು ದಕ್ಷಿಣ ಕನ್ನಡಗಳ ಗಡಿಯಲ್ಲಿರುವ ಇದರ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಒಂದು ಹಾದಿ, ಸೋಮವಾರಪೇಟೆಯ ಕಡೆಯಿಂದ ಇನ್ನೊಂದು. ತಂತ್ರಾಂಶದಲ್ಲಿ ಕುಕ್ಕೆಯಿಂದ ಶಿಖರದವರೆಗೆ ಗೆರೆಯೆಳೆದರೆ, ಕೆಳಗೆ ಹಾದಿಯ ಏರಿಳಿತದ ಚಿತ್ರವೊಂದು ಮೂಡುತ್ತದೆ. ಮೊದಲು ದಟ್ಟ ಕಾಡಿನ ಏರು, ಬಳಿಕ ಗಿರಿಗದ್ದೆಯ ಭಟ್ಟರ ಮನೆಯ ಹತ್ತಿರ ಕಾಡು ಸರಿದು ತೆರೆದುಕೊಳ್ಳುವ ಹುಲ್ಲುಗಾವಲು, ಮುಂದೆ ಕಲ್ಲು ಮಂಟಪ, ಶೇಷ ಪರ್ವತ, ಕೊನೆಗೆ ಶಿಖರ.

ಇನ್ನು ವೇಳೆಯ ಲೆಕ್ಕ. ಸ್ಕಾಟ್‌ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸೂತ್ರ ಹೇಳಿದ. ನಮ್ಮ ಅಳತೆಯಲ್ಲಿ ಅದು ಹೀಗೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಮತ್ತೊಂದು ಗಂಟೆ. ಕುಕ್ಕೆಯಿಂದ ಶಿಖರಕ್ಕೆ 12-13 ಕಿಲೋಮೀಟರ್ ಎಂದಿಟ್ಟುಕೊಂಡರೆ ದೂರಕ್ಕೆ ಎರಡೂವರೆ ಗಂಟೆ. ಏರು 1,500 ಮೀಟರಿಗೆ ಕಡಮೆಯಿಲ್ಲ. ಅದಕ್ಕೆ ಇನ್ನೂ ಎರಡೂವರೆ ಗಂಟೆ. ಒಟ್ಟು ಐದು ಗಂಟೆ! ಇದು ಗಟ್ಟಿಗರ, ವಿಶ್ರಾಂತಿಯಿಲ್ಲದ ನಡಿಗೆಯ ಲೆಕ್ಕ. ಹೊರೆ, ಬಿಸಿಲು, ಊಟ, ಹಿಂದುಳಿದ ಗೆಳೆಯನಿಗಾಗಿ ಕಾಯುವುದು ಇವೆಲ್ಲ ಸೇರಿದರೆ ಏಳು ಗಂಟೆಯಾದರೂ ಆಶ್ಚರ್ಯವಿಲ್ಲ. ಚಳಿಗಾಲದಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಬೆಳಕು ಕುಂದುತ್ತದೆ. ಆದುದರಿಂದ ಶಿಖರ ಸಿಕ್ಕಲಿ ಸಿಕ್ಕದಿರಲಿ, ಇಷ್ಟು ಹೊತ್ತಿಗೆ ಹಿಂದಿರುಗಲೇಬೇಕೆಂಬ ಗಡುವನ್ನು ಮನೆಯಲ್ಲಿ ಕುಳಿತೇ ಗೊತ್ತುಮಾಡಿಕೊಳ್ಳಬೇಕು. ಬೆಟ್ಟದ ಮೇಲೆ ನಿಂತು ಗೊತ್ತುಮಾಡುವ ಗಡುವನ್ನು ಆಸೆ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ.

ದಾರಿಯಲ್ಲಿ

ಕಾಡಿನಲ್ಲಿ ದೂರವಾಣಿಯ ಸಂಪರ್ಕವಿಲ್ಲ, ಹಾಗಾಗಿ ಜಿಪಿಎಸ್ಸೂ ಇಲ್ಲ ಎಂದು ಹಲವರು ತಿಳಿದಿದ್ದಾರೆ. ಇದು ತಪ್ಪು ಕಲ್ಪನೆ. ಉಪಗ್ರಹದ ಸಂಕೇತಕ್ಕೆ ಮೊಬೈಲ್ ಗೋಪುರದ ಹಂಗಿಲ್ಲ. ಹಂಗಿರುವುದು ನಕ್ಷೆಗೆ. ಅದನ್ನು ಮನೆಯಲ್ಲಿಯೇ ಫೋನಿನೊಳಕ್ಕೆ ಇಳಿಸಿಕೊಂಡಿದ್ದರೆ ಸಂಪರ್ಕವಿಲ್ಲದ ಕಡೆಯೂ ನಾವು ನಿಂತ ಸ್ಥಳ ನಕ್ಷೆಯ ಮೇಲೆ ಕಾಣುತ್ತದೆ. ಗೋಪುರವನ್ನು ಹುಡುಕಿ ಹುಡುಕಿ ಫೋನಿನ ಬ್ಯಾಟರಿ ಬರಿದಾಗುವುದರಿಂದ ಸಂಪರ್ಕವನ್ನು ಆರಿಸಿಡುವುದು ಜಾಣತನ. ಉಪಗ್ರಹ ದೂರವಾಣಿಯನ್ನು ಮಾತ್ರ ನಮ್ಮ ದೇಶದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಒಯ್ಯುವಂತಿಲ್ಲವೆಂಬುದು ನೆನಪಿರಲಿ.

ಯಂತ್ರದ ಮಾತು ವೇದವಾಕ್ಯವಲ್ಲ

2021ರ ಜುಲೈಯಲ್ಲಿ ಸ್ಕಾಟ್‌ಲೆಂಡಿನ ಪರ್ವತಾರೋಹಣ ಸಂಸ್ಥೆಗಳು ಒಂದು ಎಚ್ಚರಿಕೆ ಹೊರಡಿಸಿದವು. 1,345 ಮೀಟರ್ ಎತ್ತರದ ಬೆನ್ ನೆವಿಸ್ ಬೆಟ್ಟಕ್ಕೆ ಗೂಗಲ್ ನಕ್ಷೆ ತೋರಿಸುತ್ತಿದ್ದ ಒಂದು ದಾರಿ ನುರಿತವರಿಗೂ ಪ್ರಾಣಾಪಾಯ ತರುವಂಥದಾಗಿತ್ತು. ಯಂತ್ರವು ಶಿಖರಕ್ಕೆ ಹತ್ತಿರದ ವಾಹನ ನಿಲ್ದಾಣವನ್ನು ಹುಡುಕಿತ್ತು. ನಡುವೆ ಬಂಡೆಯ ಕಡಿದಾದ ಮೈ ಇದೆಯೆಂಬುದನ್ನು ಅದು ಗಣಿಸಿರಲಿಲ್ಲ. ನಗರದ ಬೀದಿಗಾಗಿ ಮಾಡಿದ ನಕ್ಷೆಯನ್ನು ಬೆಟ್ಟಕ್ಕೆ ಒಯ್ಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಚಾರಣಕ್ಕೆಂದೇ ಮಾಡಿದ ತಂತ್ರಾಂಶಗಳಿಗೂ ಮಿತಿಗಳುಂಟು. ದಟ್ಟ ಮರಗಳ ಕೆಳಗೆ ಸಂಕೇತ ಕುಗ್ಗುತ್ತದೆ; ಬಂಡೆಗಳಿಗೆ ಬಡಿದು ಬಂದ ಸಂಕೇತ ಸ್ಥಳವನ್ನು ತಪ್ಪಾಗಿ ತೋರಿಸುತ್ತದೆ. ಗಗನನೌಕೆಯ ರೇಡಾರ್ ಕಾಡಿನಲ್ಲಿ ಅಳೆದದ್ದು ನೆಲವನ್ನಲ್ಲ, ಬಹುಮಟ್ಟಿಗೆ ಮರಗಳ ನೆತ್ತಿಯನ್ನು! ಸುಮಾರು 30 ಮೀಟರಿಗೊಂದರಂತೆ ತೆಗೆದ ಅಳತೆಯಲ್ಲಿ 10 ಮೀಟರಿನ ಬಂಡೆಯೊಂದು ಕಾಣದೆಯೇ ಹೋಗಬಹುದು. ಮಂಜು ಮುಸುಕಿದ ಅಂಚಿನಲ್ಲಿ ಹತ್ತು ಹೆಜ್ಜೆಯ ತಪ್ಪೂ ದೊಡ್ಡ ತಪ್ಪೇ. ಆದುದರಿಂದ ಕಾಗದದ ನಕ್ಷೆ, ದಿಕ್ಸೂಚಿ, ಎಲ್ಲಕ್ಕಿಂತ ಮಿಗಿಲಾಗಿ ದಾರಿ ಬಲ್ಲ ಸ್ಥಳೀಯರ ಮಾತು ಇವುಗಳ ಬೆಲೆ ಇಂದಿಗೂ ತಗ್ಗಿಲ್ಲ.

ಮರಳಿ ಬಂದ ಮೇಲೆ

ಈ ಸಾಧನದ ಇನ್ನೊಂದು ಉಪಕಾರ ಪ್ರವಾಸ ಮುಗಿದ ಮೇಲಿನದು. ನಡೆದ ಹಾದಿಯೆಲ್ಲ ವೇಳೆಯ ಸಮೇತ ಫೋನಿನಲ್ಲಿ ದಾಖಲಾಗಿರುತ್ತದೆ. ಅದನ್ನು ತೆರೆದು ನೋಡಿದರೆ ಎಲ್ಲಿ ನಡಿಗೆ ನಿಧಾನವಾಯಿತು, ಎಲ್ಲಿ ಕವಲುದಾರಿಯಲ್ಲಿ ಅಡ್ಡಾಡಿದೆವು, ಹರಟೆಯಲ್ಲಿ ಎಷ್ಟು ಹೊತ್ತು ಕಳೆಯಿತು ಎಂಬುದೆಲ್ಲ ಬಯಲಾಗುತ್ತದೆ. ನೈಸ್ಮಿತ್ತನ ಲೆಕ್ಕಕ್ಕಿಂತ ನಮಗೆ ಒಂದೂವರೆಪಟ್ಟು ಕಾಲ ಹಿಡಿದಿದ್ದರೆ, ಮುಂದಿನ ಬೆಟ್ಟಕ್ಕೆ ಅದೇ ನಮ್ಮ ಅಳತೆಗೋಲು. ಏರಿದ ಒಟ್ಟು ಎತ್ತರದ ಅಂಕಿಯನ್ನು ಮಾತ್ರ ಪೂರ್ತಿ ನಂಬಬಾರದು. ಎತ್ತರದ ಅಳತೆಯಲ್ಲಿ ಸ್ಥಳದ ಅಳತೆಗಿಂತ ದೋಷ ಹೆಚ್ಚು, ಸಣ್ಣ ಸಣ್ಣ ದೋಷಗಳೆಲ್ಲ ಕೂಡಿ ಮೊತ್ತ ಉಬ್ಬುತ್ತದೆ.

ಇಂಥ ದಾಖಲೆಗಳನ್ನು ಊರಿಗೆಲ್ಲ ಹಂಚುವ ಮುನ್ನ ಕೊಂಚ ಯೋಚಿಸುವುದು ಲೇಸು. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆ ನೆರೆದು, ಅರಣ್ಯ ಇಲಾಖೆ ಕೆಲಕಾಲ ಚಾರಣವನ್ನೇ ನಿಲ್ಲಿಸಬೇಕಾಯಿತು. ಅಭಯಾರಣ್ಯದಲ್ಲಿ ಅನುಮತಿಯಿಲ್ಲದ ಒಳದಾರಿಯೊಂದನ್ನು ಒಬ್ಬ ನಡೆದು ಗೆರೆಯೆಳೆದರೆ, ನಾಳೆ ನೂರು ಜನ ಅದೇ ಗೆರೆ ಹಿಡಿದು ಆನೆಯ ಹಾದಿಗೆ ಬೀಳುತ್ತಾರೆ.

ಮನೆಯವರಿಗೆ ಒಂದು ಮಾತು. ಹೊರಡುವ ಮಕ್ಕಳನ್ನು ತಡೆಯಬೇಡಿ. ಅವರ ಹಾದಿಯ ನಕ್ಷೆಯ ಒಂದು ಪ್ರತಿಯನ್ನು ಕೇಳಿ ಇಟ್ಟುಕೊಳ್ಳಿ. ಜೊತೆಗೆ ಹೋಗುವವರ ಹೆಸರು, ಹಿಂದಿರುಗುವ ಗಡುವು ಅದರ ಅಂಚಿನಲ್ಲಿ ಬರೆದಿರಲಿ. ಗಡುವು ಮೀರಿ ಹೊತ್ತಾಗಿ, ನೀವು 112ಕ್ಕೆ ಕರೆ ಮಾಡಬೇಕಾಗಿ ಬಂದರೆ, ಹುಡುಕ ಹೊರಟವರಿಗೆ ಇಡೀ ಕಾಡಿನ ಬದಲು ಒಂದೇ ಒಂದು ಗೆರೆಯನ್ನು ತೋರಿಸಲು ನಿಮಗೆ ಸಾಧ್ಯವಾಗುತ್ತದೆ.