ತೆರೆಯ ಹಿಂದಿನ ಗೆಜ್ಜೆ

ಕಾರವಾರದ ಕಡಲ ತಡಿಗೆ ಕವಿ ರವೀಂದ್ರರ ಹೆಸರಿದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ತರುಣ ರವೀಂದ್ರರು ಬಂದು ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಇಲ್ಲಿಯೇ ಬರೆದರು. ಅದಕ್ಕೂ ಮೊದಲು, 1881ರಲ್ಲಿ, ‘ವಾಲ್ಮೀಕಿ ಪ್ರತಿಭಾ’ ಎಂಬ ಗೀತನಾಟಕವನ್ನು ರಚಿಸಿ ತಾವೇ ವಾಲ್ಮೀಕಿಯ ಪಾತ್ರ ವಹಿಸಿದ್ದರು. ಅದು ಓದಲು ಬರೆದ ಕೃತಿಯಲ್ಲ, ಹಾಡು ಕೇಳದೆ ಆಟ ನೋಡದೆ ಅದರ ಸ್ವಾರಸ್ಯ ತಿಳಿಯದು ಎಂಬ ಭಾವದ ಮಾತನ್ನು ಅವರು ತಮ್ಮ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ.

ಆ ಮಾತಿನ ಮರ್ಮವನ್ನು ಅರಿಯಲು ತಾವು ಕಲಕತ್ತೆಗೆ ಹೋಗಬೇಕಾಗಿಲ್ಲ. ಭತ್ತದ ಕೊಯ್ಲು ಮುಗಿದ ಮೇಲೆ ಅಂಕೋಲೆಯ ಕಡೆಯ ಯಾವುದಾದರೊಂದು ಗದ್ದೆಯಲ್ಲಿ ಬಯಲಾಟಕ್ಕೆ ಕುಳಿತರೆ ಸಾಕು. ಯಕ್ಷಗಾನದ ಪ್ರಸಂಗ ಪುಸ್ತಕವನ್ನು ತೆರೆದು ನೋಡಿ: ಪದ್ಯಗಳಿವೆ, ಅವುಗಳ ತಲೆಯ ಮೇಲೆ ರಾಗ ತಾಳಗಳ ಹೆಸರಿವೆ. ಪಾತ್ರಗಳ ಮಾತು ಅದರಲ್ಲಿಲ್ಲ. ಅದನ್ನು ವೇಷಧಾರಿ ನಿಂತ ನಿಲುವಿನಲ್ಲಿಯೇ ಕಟ್ಟಬೇಕು. ಓದುವವನಿಗೆ ಬಹುಮಟ್ಟಿಗೆ ಸಪ್ಪೆ.

ಇನ್ನು ರಂಗಸ್ಥಳವೋ, ನಾಲ್ಕು ಕಂಬ, ಒಂದಿಷ್ಟು ಮಾವಿನೆಲೆ. ಅರಮನೆಯ ಚಿತ್ರವಿಲ್ಲ, ಕಾಡಿನ ಪರದೆಯಿಲ್ಲ. ಭಾಗವತರು ಕಾಡೆಂದು ಹಾಡಿದರೆ ಕಾಡು; ವೇಷಧಾರಿ ತಾಳಕ್ಕೆ ಹೆಜ್ಜೆಯಿಟ್ಟು ಒಂದು ಸುತ್ತು ಬಂದರೆ ಅದೇ ನೆಲ ಹಸ್ತಿನಾವತಿ. ದೃಶ್ಯವನ್ನು ನಿರ್ಮಿಸುವ ಕೆಲಸವೆಲ್ಲ ಹಿಮ್ಮೇಳದ ಪಾಲಿಗೆ ಬಂದಿದೆ.

ಆ ಹಿಮ್ಮೇಳದ ಜಾಣ್ಮೆ ಇರುವುದು ಬಾರಿಸುವುದರಲ್ಲಿ ಎಷ್ಟೋ, ಬಾರಿಸದೆ ತಡೆದಿರುವುದರಲ್ಲಿಯೂ ಅಷ್ಟೇ. ನಮ್ಮ ಬಡಗುತಿಟ್ಟಿನಲ್ಲಿ ಹಾಡಿನ ಜೊತೆಗಾರ ಮದ್ದಳೆ. ಚಂಡೆಯನ್ನು ಪ್ರವೇಶ, ಯುದ್ಧ, ರೌದ್ರಗಳಿಗಾಗಿ ಕಾದಿರಿಸುತ್ತಾರೆ. ರಾಕ್ಷಸನ ಒಡ್ಡೋಲಗವನ್ನೇ ನೋಡಿ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ಮೊದಲು ಕೇಳುವುದು ಗೆಜ್ಜೆಯ ಸದ್ದು, ಬಳಿಕ ಒಂದು ಅಬ್ಬರ. ತೆರೆಯ ಮೇಲೆ ಕಿರೀಟದ ತುದಿ ಮಾತ್ರ ಕುಣಿಯುತ್ತದೆ. ಹಿಂದಿನವರು ದೀವಟಿಗೆಗೆ ರಾಳದ ಪುಡಿ ಎರಚುತ್ತಿದ್ದರು. ಭಗ್ಗನೆ ಬೆಂಕಿ ಎದ್ದಾಗ ಮುಖ ಒಂದು ಕ್ಷಣ ಕಂಡು ಮರೆಯಾಗುತ್ತಿತ್ತು. ಪೂರ್ಣ ರೂಪ ಕಾಣುವ ಹೊತ್ತಿಗೆ ಚಂಡೆ ಏರಿರುತ್ತದೆ, ತಾಯಿಯ ತೊಡೆಯ ಮೇಲೆ ಮಲಗಿದ್ದ ಮಗು ಎದ್ದು ಕುಳಿತಿರುತ್ತದೆ. ಭಯ ಹುಟ್ಟಿದ್ದು ವೇಷದಿಂದಲೋ ವಾದ್ಯದಿಂದಲೋ ಎಂದು ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ.

ಈ ಆಟದ ಪ್ರಭಾವ ನಮ್ಮ ಜಿಲ್ಲೆಯ ಗಡಿಯಲ್ಲಿಯೇ ನಿಲ್ಲಲಿಲ್ಲ. ಕನ್ನಡ ನಾಡಿನಿಂದ ಸಾಂಗಲಿಗೆ ಹೋದ ಭಾಗವತ ಮೇಳದ ಆಟವನ್ನು ಕಂಡ ಮೇಲೆಯೇ ವಿಷ್ಣುದಾಸ ಭಾವೆಯವರು 1843ರಲ್ಲಿ ಮರಾಠಿಯಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದ್ದು. ಮುಂದೆ 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರ ‘ಶಾಕುಂತಲ’ದೊಡನೆ ಸಂಗೀತ ನಾಟಕ ಮೆರೆಯಿತು.

ಬಾನುಲಿಯಲ್ಲಿ ಯಕ್ಷಗಾನ ಕೇಳುವ ತಮಗೆ ಭಾಗವತರ ಕಂಠ, ಮದ್ದಳೆಯ ನುಡಿ ಚೆನ್ನಾಗಿಯೇ ದೊರೆಯುತ್ತವೆ. ಅರ್ಥಗಾರಿಕೆಯಂತೂ ಗದ್ದೆಯಲ್ಲಿ ಕುಳಿತವನಿಗಿಂತ ಸ್ಪಷ್ಟವಾಗಿ ಕೇಳುತ್ತದೆ. ಚಂಡೆ ಮಾತ್ರ ಬರಿಯ ಗದ್ದಲವೆನಿಸಿದರೆ ಅದು ವಾದ್ಯದ ತಪ್ಪಲ್ಲ. ಅದು ಯಾವ ತೆರೆಯನ್ನು ಸರಿಸುತ್ತಿದೆಯೆಂಬುದು ತಮಗೆ ಕಾಣುವುದಿಲ್ಲ, ಅಷ್ಟೆ.

ನನಗೆ ಚಿಂತೆ ಬೇರೊಂದು. ಈಗ ಆಟ ಅನೇಕ ಕಡೆ ಎರಡು ಮೂರು ಗಂಟೆಗಳ ಕಾಲಮಿತಿಗೆ ಇಳಿದಿದೆ. ಬೆಳಗಿನ ಕೆಲಸಕ್ಕೆ ಹೋಗುವವರ ಅನುಕೂಲವನ್ನು ನಾನು ಅಲ್ಲಗಳೆಯಲಾರೆ. ಆದರೆ ಸಮಯ ಉಳಿಸಲು ಮೊದಲು ಕತ್ತರಿ ಬೀಳುವುದು ಒಡ್ಡೋಲಗಕ್ಕೆ. ರಾಕ್ಷಸನು ಪೇಟೆಗೆ ಹೊರಟವನಂತೆ ನೇರವಾಗಿ ನಡೆದು ಬರುತ್ತಾನೆ. ಕಾಯಿಸದೆ ಬಂದವನಿಗೆ ಯಾರು ಹೆದರುತ್ತಾರೆ? ಚಂಡೆಯೂ ಮೊದಲಿನಿಂದಲೇ ಬಡಿಯತೊಡಗುವುದರಿಂದ ಯುದ್ಧಕ್ಕೆಂದು ಏನೂ ಉಳಿದಿರುವುದಿಲ್ಲ.

ಆದುದರಿಂದ ತಮ್ಮ ಊರಲ್ಲಿ ಆಟವಾಡಿಸುವಾಗ ಒಂದಾದರೂ ಒಡ್ಡೋಲಗ ಪೂರ್ತಿ ಆಗಲೆಂದು ಮೇಳದವರನ್ನು ಮೊದಲೇ ಕೇಳಿಕೊಳ್ಳಿ. ನೋಡುವಾಗ ಧ್ವನಿವರ್ಧಕದ ಕಂಬದಿಂದ ದೂರವಾಗಿ, ರಂಗಸ್ಥಳಕ್ಕೆ ಹತ್ತಿರವಾಗಿ, ತೆರೆಯ ಕೆಳಗೆ ಕುಣಿಯುವ ಕಾಲುಗಳು ಕಾಣುವಂತೆ ನೆಲದ ಮೇಲೆಯೇ ಕುಳಿತುಕೊಳ್ಳಿ.